ಸುರಂಜನ್ ದಾಸ್: ಮಾರುತದ ಮೊದಲ ಸವಾರ

ಹೋದ ಸೆಮಿಸ್ಟರ್ ಎಕ್ಸಾಮ್ ಮುಗಿದ ಮೊದಲ ಶನಿವಾರ ನಾವು ಎಂಟು ಜನ ಮುತ್ತತ್ತಿಗೆ ಹೋಗಿದ್ವಿ. ಕನಕಪುರ, ಸಾತನೂರು ದಾಟಿ ಕಾಡಿನ ದಾರಿಯಲ್ಲಿ ಇಳಿದರೆ ಕಾವೇರಿ ದಡದಲ್ಲೇ ಆಂಜನೇಯನ ಗುಡಿ. ಅಲ್ಲಿಯ ಕಥೆ ಮಂಡ್ಯ ಕಡೆಯವರಿಗೆಲ್ಲ ಗೊತ್ತು. ಸೀತಮ್ಮ ಹೊಳೆಯಲ್ಲಿ ಸ್ನಾನ ಮಾಡುವಾಗ ಮೂಗುತಿಯ ಮುತ್ತು ನೀರಿಗೆ ಬಿತ್ತಂತೆ, ಹನುಮಂತ ಬಾಲ ಇಳಿಬಿಟ್ಟು ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನಂತೆ. ಮುತ್ತು ಎತ್ತಿದ್ದಕ್ಕೆ ಅವನು ಮುತ್ತೆತ್ತರಾಯ. ಡಾ. ರಾಜ್‌ಕುಮಾರ್ ಹುಟ್ಟಿದಾಗ ಮುತ್ತುರಾಜ ಅಂತ ಹೆಸರಿಟ್ಟಿದ್ದೂ ಈ ದೇವರ ಮೇಲೆಯೇ. ಹೊಳೆಯಲ್ಲಿ ಆ ಸುಳಿಗಳು ಇವತ್ತಿಗೂ ಇವೆ, ಈಜೋಕೆ ಇಳಿದವರನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ನಾವು ದಡದಲ್ಲೇ ಕೂತ್ವಿ.

ನಮ್ಮ ಗುಂಪಿನಲ್ಲಿ ಏರೋನಾಟಿಕಲ್ ಬ್ರಾಂಚಿನ ಒಬ್ಬ ಇದ್ದ. ಅವನಿಗೆ ವಿಮಾನದ ಹುಚ್ಚು. ಏರೋ ಇಂಡಿಯಾ ಬಂತು ಅಂದ್ರೆ ಯಲಹಂಕದ ಕಡೆ ಯಾವುದಾದರೂ ಮಹಡಿ ಹತ್ತಿ ಇಡೀ ದಿನ ಕತ್ತೆತ್ತಿಕೊಂಡೇ ಇರ್ತಾನೆ, ಸದ್ದು ಕೇಳಿಯೇ ಇಂಜಿನ್ ಯಾವುದು ಅಂತ ಹೇಳ್ತಾನೆ. ಗುಡಿಯಿಂದ ಬಂದು ಮೆಟ್ಟಿಲ ಮೇಲೆ ಕೂತಾಗ ಅವನೇ ಮಾತು ಶುರು ಮಾಡಿದ್ದು. ಮಾರುತ ಅಂದ್ರೆ ಗಾಳಿ, ಅವನ ಮಗ ಮಾರುತಿ. ನಮ್ಮ ದೇಶದಲ್ಲಿ ಮೊದಲು ವಿನ್ಯಾಸವಾಗಿ ತಯಾರಾದ ಜೆಟ್ ಫೈಟರ್‌ನ ಹೆಸರೂ ಮಾರುತವೇ, ಅದು ಹುಟ್ಟಿದ್ದು ಇಲ್ಲಿಂದ ನೂರು ಕಿಲೋಮೀಟರ್ ಆಚೆ ನಮ್ಮ ಬೆಂಗಳೂರಲ್ಲಿ. ಅದನ್ನು ಮೊದಲು ಹಾರಿಸಿದವರ ಹೆಸರು ಸುರಂಜನ್ ದಾಸ್.

ಹೆಸರು ಕೇಳಿ ನಾವೆಲ್ಲ ನಕ್ಕುಬಿಟ್ವಿ. ಯಾಕಂದ್ರೆ ನಮಗೆ ಸುರಂಜನ್ ದಾಸ್ ಅಂದ್ರೆ ಒಂದು ರಸ್ತೆ. ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆಗೆ ಹೋಗೋ ದಾರಿ, ಸಂಜೆ ಆದ್ರೆ ಬಸ್ಸು ಮುಂದಕ್ಕೆ ಹೋಗದ ಜಾಗ. ಆ ಹೆಸರಿನಲ್ಲಿ ಒಬ್ಬ ಮನುಷ್ಯ ಇದ್ದ ಅನ್ನೋದೇ ನಮ್ಮ ತಲೆಗೆ ಹೊಳೆದಿರಲಿಲ್ಲ. ವಾಪಸ್ ಬಂದ ಮೇಲೆ ನಾನು ಓದೋಕೆ ಕೂತೆ. ಓದ್ತಾ ಓದ್ತಾ ನಕ್ಕಿದ್ದಕ್ಕೆ ಸ್ವಲ್ಪ ನಾಚಿಕೆ ಆಯ್ತು.

ಸುರಂಜನ್ ದಾಸ್ ಹುಟ್ಟಿದ್ದು 1920ರ ಫೆಬ್ರವರಿ 22ರಂದು, ಒಂದು ಬಂಗಾಳಿ ಕುಟುಂಬದಲ್ಲಿ. ತಂದೆ ಸುಧಿ ರಂಜನ್ ದಾಸ್ ಚಿಕ್ಕಂದಿನಲ್ಲಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನದ ಶಾಲೆಯಲ್ಲಿ ಓದಿದವರು, ಮುಂದೆ ವಕೀಲರಾಗಿ, ನ್ಯಾಯಾಧೀಶರಾಗಿ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಅಂಥ ಮನೆಯ ಹುಡುಗ ಕರಿ ಕೋಟು ಹಾಕೋದೇ ಸಹಜ. ಇವರು ಹಾಕಿದ್ದು ವಾಯುಪಡೆಯ ಸಮವಸ್ತ್ರ. ಅಲ್ಲೂ ಸ್ಕ್ವಾಡ್ರನ್ ಜೀವನಕ್ಕೆ ನಿಲ್ಲದೆ ಬ್ರಿಟನ್ನಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ಗೆ ಹೋದರು. ಅಲ್ಲಿ ತರಬೇತಿ ಪಡೆದ ಮೊದಮೊದಲ ಭಾರತೀಯರಲ್ಲಿ ಅವರೂ ಒಬ್ಬರು.

ಟೆಸ್ಟ್ ಪೈಲಟ್ ಕೆಲಸ ಏನು ಅಂತ ನಮ್ಮ ಭಾಷೆಯಲ್ಲೇ ಹೇಳ್ತೀನಿ. ಲ್ಯಾಬ್‌ನಲ್ಲಿ ಎಕ್ಸ್‌ಪೆರಿಮೆಂಟ್ ಮಾಡೋಕೆ ಮುಂಚೆಯೇ ರೀಡಿಂಗ್ ಎಷ್ಟು ಬರಬೇಕು ಅಂತ ನಮಗೆ ಗೊತ್ತಿರುತ್ತೆ, ಸೀನಿಯರ್‌ಗಳ ರೆಕಾರ್ಡ್ ಬುಕ್ ಇರುತ್ತಲ್ಲ! ಹೊಸ ವಿಮಾನದ ಟೆಸ್ಟ್ ಪೈಲಟ್‌ಗೆ ಆ ರೆಕಾರ್ಡ್ ಬುಕ್ ಇಲ್ಲ. ಅದನ್ನು ಬರೆಯೋನೇ ಅವನು. ಯಾವ ವೇಗದಲ್ಲಿ ಚಕ್ರ ನೆಲ ಬಿಡುತ್ತೆ, ಯಾವ ವೇಗಕ್ಕೆ ಇಳಿದರೆ ರೆಕ್ಕೆ ವಿಮಾನವನ್ನು ಹೊರೋದು ಬಿಡುತ್ತೆ, ಎಷ್ಟರ ಮೇಲೆ ಹೋದರೆ ರೆಕ್ಕೆಯೋ ಬಾಲವೋ ನಡುಗೋಕೆ ಶುರುವಾಗುತ್ತೆ, ಒಂದು ಇಂಜಿನ್ ಕೈಕೊಟ್ಟರೆ ಮೂತಿ ಯಾವ ಕಡೆ ತಿರುಗುತ್ತೆ. ಡಿಸೈನರ್ ಲೆಕ್ಕ ಹಾಕಿ ಕೊಟ್ಟ ಸಂಖ್ಯೆಗಳಿರುತ್ತವೆ. ಆ ಲೆಕ್ಕ ತಪ್ಪಿದ್ದರೆ ಅದು ಮೊದಲು ಗೊತ್ತಾಗೋದು ಕಾಕ್‌ಪಿಟ್‌ನಲ್ಲಿ ಕೂತವನಿಗೆ. ದಿನಕ್ಕೆ ಇಷ್ಟು ಅಂತ ವೇಗ, ಎತ್ತರ ಎರಡನ್ನೂ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಬೇಕು, ಕೆಳಗಿಳಿದು ಬಂದು ಇಂಜಿನಿಯರ್‌ಗಳ ಮುಂದೆ ಕೂತು ಏನಾಯ್ತು ಅಂತ ಒಂದೊಂದೂ ಬಿಡಿಸಿ ಹೇಳಬೇಕು. ಸಿನಿಮಾದಲ್ಲಿ ತೋರಿಸೋ ಹಾಗೆ ಇದು ಬರೀ ಧೈರ್ಯದ ಕೆಲಸ ಅಲ್ಲ. ಅರ್ಧಕ್ಕಿಂತ ಹೆಚ್ಚು ಇಂಜಿನಿಯರಿಂಗ್ ಕೆಲಸ.

ಈಗ ಮಾರುತದ ಕಡೆ ಬರೋಣ. ಬೆಂಗಳೂರಿನ ವಿಮಾನ ಕಾರ್ಖಾನೆ ಶುರುವಾಗಿದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು, ಮೈಸೂರು ಸರ್ಕಾರ ಜಾಗವನ್ನೂ ಕೊಟ್ಟು ಪಾಲುದಾರನೂ ಆಯ್ತು. ಆಗ ಅದರ ಹೆಸರು ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇವತ್ತಿನ ಎಚ್‌ಎಎಲ್. ಡಾ. ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತ್ತು. ಅದು ಪ್ರೊಪೆಲರ್ ವಿಮಾನ. ಅಲ್ಲಿಂದ ಐದೇ ವರ್ಷಕ್ಕೆ ವಾಯುಪಡೆ ಕೇಳಿದ್ದು ಏನು ಗೊತ್ತಾ? ಶಬ್ದದ ಎರಡರಷ್ಟು ವೇಗ, 60,000 ಅಡಿ ಎತ್ತರ, 500 ಮೈಲಿ ದೂರ ಹೋಗಿ ಹೊಡೆದು ಬರೋ ಶಕ್ತಿ. ಕೈನೆಟಿಕ್ ಹೋಂಡಾ ರಿಪೇರಿ ಕಲಿತವನ ಮುಂದೆ ಫಾರ್ಮುಲಾ ಒನ್ ಕಾರಿನ ಆರ್ಡರ್ ಇಟ್ಟ ಹಾಗೆ.

ಇದಕ್ಕೆ ಅಂತ 1956ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದವರು ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಫೋಕ-ವುಲ್ಫ್ 190 ಫೈಟರ್ ಅವರ ವಿನ್ಯಾಸ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಗೆ ಹೋಗಿ ಅಲ್ಲೂ ಒಂದು ಜೆಟ್ ಮಾಡಿದ್ದರು. ಸ್ವತಃ ಪೈಲಟ್ ಕೂಡ, ತಮ್ಮ ವಿಮಾನಗಳನ್ನು ತಾವೇ ಹಾರಿಸಿ ನೋಡುತ್ತಿದ್ದವರು. ಅವರು ಬಂದಾಗ ಇಲ್ಲಿನ ವಿನ್ಯಾಸ ವಿಭಾಗದಲ್ಲಿ ಹಿರಿಯ ಇಂಜಿನಿಯರ್‌ಗಳು ಅಂತ ಇದ್ದದ್ದು ಮೂವರು, ಒಟ್ಟು ಸೇರಿ 54 ಜನ. ನಮ್ಮ ಒಂದು ಸೆಕ್ಷನ್‌ಗಿಂತ ಕಡಿಮೆ! ಪ್ರೊಟೊಟೈಪ್ ನಿಲ್ಲಿಸೋಕೆ ಹ್ಯಾಂಗರ್ ಇರಲಿಲ್ಲ, ವಿಮಾನದ ಚೌಕಟ್ಟಿನ ಬಲ ಪರೀಕ್ಷೆ ಮಾಡೋ ಸಲಕರಣೆ ಇರಲಿಲ್ಲ, ಇಂಥ ಜೆಟ್‌ಗೆ ಸಾಕಾಗೋ ರನ್‌ವೇ ಕೂಡ ಇರಲಿಲ್ಲ. ಎಲ್ಲವನ್ನೂ ಒಂದೊಂದಾಗಿ ಕಟ್ಟಿಕೊಳ್ಳುತ್ತಲೇ ವಿಮಾನವನ್ನೂ ಕಟ್ಟಿದರು.

ನನಗೆ ತುಂಬಾ ಇಷ್ಟವಾದ ಭಾಗ ಇದು: ಜೆಟ್ ಮಾಡೋಕೆ ಮುಂಚೆ ಅದೇ ಅಳತೆಯ ಒಂದು ಮರದ ಗ್ಲೈಡರ್ ಮಾಡಿದರು. ಇಬ್ಬರು ಕೂರಬಹುದಾದ ಗ್ಲೈಡರ್, ಆಕಾರವೆಲ್ಲ ಮಾರುತದ್ದೇ, ಇಂಜಿನ್ ಮಾತ್ರ ಇಲ್ಲ. 1959ರಲ್ಲಿ ಒಂದು ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿತ್ತು, ಅದು ತೇಲುತ್ತಾ ಕೆಳಗಿಳಿದು ಬರುತ್ತಿತ್ತು. ಹೀಗೆ ಒಂದು ವರ್ಷದಲ್ಲಿ 78 ಹಾರಾಟ. ಕಂಪ್ಯೂಟರ್ ಸಿಮ್ಯುಲೇಶನ್ ಇಲ್ಲದ ಕಾಲದಲ್ಲಿ ರೆಕ್ಕೆ, ಬಾಲ, ಕಂಟ್ರೋಲ್‌ಗಳ ನಡವಳಿಕೆಯನ್ನು ಮರದಲ್ಲೇ ಕಲಿತರು. ಸಾಫ್ಟ್‌ವೇರ್‌ನಲ್ಲಿ ಮೆಶ್ ಹಾಕಿ ರಾತ್ರಿಯಿಡೀ ರನ್ ಆಗಲಿ ಅಂತ ಬಿಟ್ಟು ಮಲಗೋ ನಮಗೆ ಇದನ್ನು ಊಹಿಸೋದೇ ಕಷ್ಟ.

1961ರ ಜೂನ್ 17. ಬಿಆರ್ 462 ಅನ್ನೋ ನಂಬರಿನ ಪ್ರೊಟೊಟೈಪ್, ಕಾಕ್‌ಪಿಟ್‌ನಲ್ಲಿ ಆಗ ವಿಂಗ್ ಕಮಾಂಡರ್ ಆಗಿದ್ದ ಸುರಂಜನ್ ದಾಸ್. ಅದಕ್ಕೂ ಮೂರು ತಿಂಗಳ ಮೊದಲೇ ರನ್‌ವೇ ಮೇಲೆ ಓಡಿಸಿ ನೋಡೋ ಕೆಲಸ ಶುರುವಾಗಿತ್ತು. ಅವತ್ತು ಮಾರುತ ನೆಲ ಬಿಟ್ಟಿತು, ಸುರಕ್ಷಿತವಾಗಿ ವಾಪಸ್ ಬಂತು. ಒಂದೇ ವಾರಕ್ಕೆ, ಜೂನ್ 24ರಂದು, ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಅವರ ಎದುರಿಗೆ ದಾಸ್ ಅದೇ ವಿಮಾನವನ್ನು ಬೆಂಗಳೂರಿನ ಮೇಲೆ ಹಾರಿಸಿ ತೋರಿಸಿದರು. ಸೋವಿಯತ್ ಒಕ್ಕೂಟವನ್ನು ಬಿಟ್ಟರೆ ಏಷ್ಯಾದಲ್ಲಿ ತಾನೇ ವಿನ್ಯಾಸ ಮಾಡಿದ ಜೆಟ್ ಫೈಟರನ್ನು ತಯಾರಿಕೆಯವರೆಗೂ ತಂದ ಮೊದಲ ದೇಶ ನಮ್ಮದಾಯ್ತು. ವಿಮಾನದ ಹುಚ್ಚಿನವರು ದಾಸ್ ಹೆಸರು ಹೇಳುವಾಗ ದನಿ ಬದಲಾಗೋದು ಈ ದಿನದಿಂದಾಗಿ.

ಆದರೆ ನನ್ನ ಮಟ್ಟಿಗೆ ದಾಸ್ ದೊಡ್ಡವರಾಗೋದು ಆ ದಿನದಿಂದಲ್ಲ, ಅದರ ಮುಂದಿನ ಎಂಟೂವರೆ ವರ್ಷಗಳಿಂದ. ಅದಕ್ಕೆ ಇಂಜಿನ್ ಕಥೆ ಹೇಳಬೇಕು.

ಟ್ಯಾಂಕ್ ಈ ವಿಮಾನದ ಮೈಯನ್ನು ಬ್ರಿಸ್ಟಲ್ ಕಂಪನಿ ಆಗ ಮಾಡಬೇಕೆಂದಿದ್ದ ಆರ್ಫಿಯಸ್ 12 ಇಂಜಿನ್ ನೆಚ್ಚಿಕೊಂಡು ರೂಪಿಸಿದ್ದರು. ಆಫ್ಟರ್‌ಬರ್ನರ್ ಹಾಕಿದರೆ ಒಂದೊಂದು ಇಂಜಿನ್ನಿಂದ 8,170 ಪೌಂಡ್ ಥ್ರಸ್ಟ್ ಬರಬೇಕಿತ್ತು. ಅದನ್ನು ಬೇರೆ ಯಾರೂ ಕೇಳಲಿಲ್ಲ. ಅಭಿವೃದ್ಧಿ ಮುಂದುವರಿಸೋಕೆ ಕಂಪನಿ ಸುಮಾರು 30 ಲಕ್ಷ ಪೌಂಡ್ ಹಣ ಕೇಳಿತು, ನಮ್ಮ ಸರ್ಕಾರ ಕೊಡಲಿಲ್ಲ. ಕೊನೆಗೆ ಹಾಕಿದ್ದು ನ್ಯಾಟ್ ವಿಮಾನಕ್ಕೆ ಬರುತ್ತಿದ್ದ ಜಾತಿಯದೇ ಆರ್ಫಿಯಸ್ 703, ಒಂದಕ್ಕೆ 4,850 ಪೌಂಡ್, ಆಫ್ಟರ್‌ಬರ್ನರ್ ಇಲ್ಲ. ಲೆಕ್ಕ ಹಾಕಿ ನೋಡಿ, ಬೇಕಾಗಿದ್ದರ 60% ಕೂಡ ಇಲ್ಲ. 350 ಸಿಸಿ ಬುಲೆಟ್‌ಗೆ ಹತ್ತಿರ ಹತ್ತಿರ 200 ಸಿಸಿ ಇಂಜಿನ್ ಕೂರಿಸಿದ ಹಾಗೆ. ಮ್ಯಾಕ್ 2 ಅಂತ ಹೊರಟ ವಿಮಾನ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟಲಿಲ್ಲ.

ಆಮೇಲೆ ಶುರುವಾಯ್ತು ಇಂಜಿನ್ ಹುಡುಕಾಟ. ಸೋವಿಯತ್ ಇಂಜಿನ್ ನೋಡಿದರು, ಹೊಂದಲಿಲ್ಲ. ಈಜಿಪ್ಟ್ ಆಗ ಇ-300 ಅಂತ ಒಂದು ಇಂಜಿನ್ ಮಾಡುತ್ತಿತ್ತು, ಅದಕ್ಕೆಂದು ಒಂದು ಮಾರುತವನ್ನೇ ಅಲ್ಲಿಗೆ ಕಳಿಸಿದರು. ನಮ್ಮವರೇ ಆದ ಟೆಸ್ಟ್ ಪೈಲಟ್ ಕಪಿಲ್ ಭಾರ್ಗವ 1967ರ ಮಾರ್ಚ್‌ನಲ್ಲಿ ಅದನ್ನು ಅಲ್ಲಿ ಹಾರಿಸಿದರು. ಎರಡು ವರ್ಷದಲ್ಲಿ ಆ ಯೋಜನೆಯೂ ನಿಂತಿತು. ಭಾರ್ಗವರದ್ದೇ ಒಂದು ದೊಡ್ಡ ಕಥೆ, ಯಾರಾದರೂ ಮುಂದಿನ ಸಂಚಿಕೆಗೆ ಬರೀರಪ್ಪ. ಅದೇ 1967ರಲ್ಲಿ ಕುರ್ಟ್ ಟ್ಯಾಂಕ್ ಕೂಡ ಭಾರತ ಬಿಟ್ಟು ಹೋದರು.

ಇಷ್ಟೂ ವರ್ಷ ದಾಸ್ ಇಲ್ಲೇ ಇದ್ದರು. ಎಚ್‌ಎಎಲ್‌ನ ಜೆಟ್ ತರಬೇತಿ ವಿಮಾನ ಕಿರಣ್ 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿದಾಗಲೂ ಕಾಕ್‌ಪಿಟ್‌ನಲ್ಲಿ ಅವರೇ. ನಮ್ಮ ವಾಯುಪಡೆಯ ಎಷ್ಟೋ ತಲೆಮಾರಿನ ಪೈಲಟ್‌ಗಳು ಜೆಟ್ ಹಾರಿಸೋದನ್ನು ಕಲಿತದ್ದು ಆ ಕಿರಣ್‌ನಲ್ಲೇ. ಮಾರುತದ ಪರೀಕ್ಷೆಯೂ ನಡೆದೇ ಇತ್ತು. 1967ರ ಏಪ್ರಿಲ್‌ನಲ್ಲಿ 10ನೇ ಸ್ಕ್ವಾಡ್ರನ್ ಮಾರುತವನ್ನು ಸೇವೆಗೆ ತೆಗೆದುಕೊಂಡಿತು. ಇಂಜಿನ್ ಚಿಕ್ಕದಾದರೂ ವಿಮಾನದ ಮೈಕಟ್ಟು ಗಟ್ಟಿ, ಕೆಳಮಟ್ಟದಲ್ಲಿ ವೇಗವಾಗಿ ಹೋದರೂ ಅಲುಗಾಡದೆ ಹೋಗುತ್ತೆ ಅಂತ ಹಾರಿಸಿದವರು ಮೆಚ್ಚುತ್ತಿದ್ದರು. ಮೇಲೆ ಹೋಗಿ ಶತ್ರುವಿನ ವಿಮಾನ ತಡೆಯೋಕೆ ಮಾಡಿದ್ದು ನೆಲದ ಮೇಲಿನ ಗುರಿಗೆ ಹೊಡೆಯೋ ವಿಮಾನವಾಯ್ತು. ಹೀಗೆ ಒಂದು ವಿಮಾನಕ್ಕೆ ಅದರದ್ದಲ್ಲದ ಕೆಲಸ ಕಲಿಸಿ ಅದರಲ್ಲಿ ಗೆಲ್ಲಿಸೋದಕ್ಕೆ ಎಷ್ಟು ಪರೀಕ್ಷಾ ಹಾರಾಟ ಬೇಕಾಗಿರಬಹುದು! ಮೊದಲ ಹಾರಾಟದ ಫೋಟೊ ಪೇಪರಿನಲ್ಲಿ ಬರುತ್ತೆ, ಇಂಥವು ಬರಲ್ಲ.

ಹೊರಗಿನ ಇಂಜಿನ್ ಸಿಗದೇ ಹೋದಾಗ ಉಳಿದ ದಾರಿ ಒಂದೇ. ಇರೋ ಆರ್ಫಿಯಸ್ 703ಕ್ಕೆ ನಾವೇ ರೀಹೀಟ್ ಜೋಡಿಸೋದು. ರೀಹೀಟ್ ಅಂದ್ರೆ ಆಫ್ಟರ್‌ಬರ್ನರೇ: ಇಂಜಿನ್ನಿನಿಂದ ಹೊರಡೋ ಬಿಸಿ ಗಾಳಿಯಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತೆ, ಅಲ್ಲಿಗೆ ಮತ್ತಷ್ಟು ಇಂಧನ ಚಿಮ್ಮಿಸಿ ಉರಿಸಿದರೆ ತಳ್ಳುವ ಶಕ್ತಿ ಹೆಚ್ಚುತ್ತೆ. ಈ ಕೆಲಸ ಮಾಡಿದ್ದು ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ಜಿಟಿಆರ್‌ಇ. ಥ್ರಸ್ಟ್ ಸುಮಾರು 18% ಏರಿತು. ಆದರೆ ಥರ್ಮೋಡೈನಮಿಕ್ಸ್ ಪುಸ್ತಕದಲ್ಲಿ ಸುಲಭವಾಗಿ ಕಾಣೋದು ವಿಮಾನದಲ್ಲಿ ಹಾಗಿರಲ್ಲ. ಹೊಸ ಟೈಲ್‌ಪೈಪ್ ದಪ್ಪ, ಅದನ್ನು ಹಿಡಿಸೋಕೆ ವಿಮಾನದ ಹಿಂಭಾಗವೂ ಅಗಲವಾಗಬೇಕು. ಅಗಲವಾದರೆ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ವಿಮಾನವನ್ನೇ ಹಿಂದಕ್ಕೆ ಎಳೆಯುತ್ತೆ. ಒಂದು ಕೈಯಲ್ಲಿ ಸಿಕ್ಕಿದ ಥ್ರಸ್ಟನ್ನು ಡ್ರ್ಯಾಗ್ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿತ್ತು. ಈ ರೀಹೀಟ್ ಮಾರುತಕ್ಕೆ ಮಾರ್ಕ್ 1ಆರ್ ಅಂತ ಹೆಸರು.

1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಬೆಂಗಳೂರಿನ ಎಚ್‌ಎಎಲ್ ರನ್‌ವೇಯಿಂದ ಮಾರ್ಕ್ 1ಆರ್ ಹತ್ತಿ ಹೊರಟರು. ಟೇಕಾಫ್‌ನಲ್ಲೇ ವಿಮಾನ ಬಿದ್ದುಹೋಯಿತು. ದಾಸ್ ಉಳಿಯಲಿಲ್ಲ. ಐವತ್ತು ತುಂಬೋಕೆ ಆರು ವಾರ ಬಾಕಿ ಇತ್ತು.

ಐವತ್ತರ ಹತ್ತಿರದ ಮನುಷ್ಯ, ಗ್ರೂಪ್ ಕ್ಯಾಪ್ಟನ್ ಹುದ್ದೆ, ದೇಶಕ್ಕೆಲ್ಲ ಗೊತ್ತಾದ ಹೆಸರು. ಕಾಗದ ಪತ್ರ ನೋಡಿಕೊಂಡು ಟೇಬಲ್ ಹಿಂದೆ ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ. ಹೊಸ ರೀಹೀಟ್ ಹಾಕಿದ ಪ್ರೊಟೊಟೈಪನ್ನು ಹಾರಿಸೋದು ಎಂಥ ಕೆಲಸ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ದೇಶದಲ್ಲಿ ಎಷ್ಟು ಜನ ಇದ್ದರು? ಮೊದಲ ದಿನ ಹಾರಿಸಿ ಕೈ ತೊಳೆದುಕೊಂಡವರಲ್ಲ ಅವರು. ಆ ವಿಮಾನದಲ್ಲಿ ಏನು ಕೊರತೆ ಇತ್ತೋ ಆ ಕೊರತೆ ತುಂಬೋ ಕೆಲಸದಲ್ಲೇ ಹೋದರು. ನಮ್ಮ ಗೆಳೆಯನಂಥವರು ಅವರನ್ನು ದೇವರ ಹಾಗೆ ನೋಡೋದು ಇದಕ್ಕೇ ಅಂತ ನನಗೀಗ ಅರ್ಥ ಆಗುತ್ತೆ. ಮೊದಮೊದಲು ಅದು ಬರೀ ಫ್ಯಾನ್‌ಗಳ ಅಭಿಮಾನ ಅಂದುಕೊಂಡಿದ್ದೆ.

ಇನ್ನೊಂದು ಸಂಗತಿ. 1961ರ ಜೂನ್ 17 ಯಾವ ವಾರ ಅಂತ ಕ್ಯಾಲೆಂಡರ್ ನೋಡಿದೆ, ಶನಿವಾರ. 1970ರ ಜನವರಿ 10 ನೋಡಿದೆ, ಅದೂ ಶನಿವಾರ. ಮಾರುತಿಯ ವಾರ. ಇದರಲ್ಲಿ ಏನೂ ಅರ್ಥ ಇಲ್ಲ, ಪ್ರಾಬಬಿಲಿಟಿ ಪಾಠ ಓದಿದ ನನಗೂ ಗೊತ್ತು. ಆದರೂ ಮುತ್ತತ್ತಿಯಿಂದ ಬಂದವನಿಗೆ ಸ್ವಲ್ಪ ಹೊತ್ತು ಸುಮ್ಮನೆ ಕೂರೋ ಹಾಗಾಯ್ತು.

ಅದೇ ವರ್ಷ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು, ಮರಣೋತ್ತರವಾಗಿ. ತಂದೆ ಸುಧಿ ರಂಜನ್ ದಾಸ್ ಆಗ 75 ವರ್ಷದವರು, ಮಗ ಹೋದ ಮೇಲೂ ಏಳು ವರ್ಷ ಬದುಕಿದ್ದರು. ಇಬ್ಬರು ಕೂರುವ ಮಾರುತ, ಮಾರ್ಕ್ 1ಟಿ, ಅದೇ 1970ರ ಏಪ್ರಿಲ್ 30ರಂದು ಮೊದಲು ಹಾರಿತು. ಅಂದರೆ ನಾಲ್ಕು ತಿಂಗಳೂ ಕಳೆಯೋಕೆ ಮುಂಚೆ ಇನ್ನೊಬ್ಬ ಟೆಸ್ಟ್ ಪೈಲಟ್ ಹೆಲ್ಮೆಟ್ ಹಾಕಿಕೊಂಡು ಅದೇ ವಿಮಾನದ ಹೊಸ ರೂಪದೊಳಗೆ ಕೂತಿದ್ದರು.

ದಾಸ್ ನೋಡದೇ ಹೋದದ್ದು 1971ರ ಡಿಸೆಂಬರ್ ಯುದ್ಧವನ್ನು. 10 ಮತ್ತು 220ನೇ ಸ್ಕ್ವಾಡ್ರನ್ನಿನ ಮಾರುತಗಳು ರಾಜಸ್ಥಾನದ ನೆಲೆಗಳಿಂದ 200ಕ್ಕೂ ಹೆಚ್ಚು ಸಲ ಹೋಗಿ ದಾಳಿ ಮಾಡಿದವು. ಲೋಂಗೇವಾಲಾದ ಮರಳಲ್ಲಿ ಸಿಕ್ಕಿಕೊಂಡಿದ್ದ ಪಾಕಿಸ್ತಾನಿ ಟ್ಯಾಂಕ್‌ಗಳ ಮೇಲೆ ಮುಖ್ಯವಾಗಿ ಎರಗಿದ್ದು ಹಂಟರ್ ವಿಮಾನಗಳು, ಮಾರುತವೂ ಅಲ್ಲಿ ಕೆಲಸ ಮಾಡಿತು. ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಒಂದು ಸೇಬರ್ ವಿಮಾನವನ್ನೇ ಹೊಡೆದುರುಳಿಸಿದರು. ನೆಲದಿಂದ ಬಂದ ಗುಂಡಿಗೆ ಕೆಲವು ಮಾರುತಗಳು ಬಿದ್ದವು, ಆದರೆ ವಿಮಾನಕ್ಕೆ ವಿಮಾನ ಎದುರಾದ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ಮೂರು ಸಲ ಮಾರುತಗಳು ಒಂದು ಇಂಜಿನ್ ಹೋದರೂ ಇನ್ನೊಂದರಲ್ಲೇ ಮನೆಗೆ ಬಂದವು. ಒಂದು ಇಂಜಿನ್ ಕೈಕೊಟ್ಟರೆ ಏನಾಗುತ್ತೆ ಅನ್ನೋ ಪುಟವನ್ನು ರೆಕಾರ್ಡ್ ಬುಕ್‌ನಲ್ಲಿ ಯಾರೋ ಮೊದಲೇ ಬರೆದಿಟ್ಟಿದ್ದರಲ್ಲ.

ಒಟ್ಟು 147 ಮಾರುತ ತಯಾರಾದವು. ರೀಹೀಟ್ ಮಾದರಿ ಮುಂದೆ ಹೋಗಲಿಲ್ಲ, 1980ರ ದಶಕದಲ್ಲಿ ಉಳಿದವೂ ಒಂದೊಂದಾಗಿ ನೆಲಕ್ಕಿಳಿದವು. ಮುಂದಿನ ಸ್ವದೇಶಿ ಫೈಟರ್ ತೇಜಸ್ ಹಾರಿದ್ದು 2001ರ ಜನವರಿ 4ರಂದು, ಅದೇ ಎಚ್‌ಎಎಲ್ ರನ್‌ವೇಯಲ್ಲಿ. ನಲವತ್ತು ವರ್ಷದ ಗ್ಯಾಪ್. ತೇಜಸ್‌ಗೂ ನಮ್ಮದೇ ಇಂಜಿನ್ ಇರಲಿ ಅಂತ ಅದೇ ಜಿಟಿಆರ್‌ಇ ಒಂದು ಇಂಜಿನ್ ಕೈಗೆತ್ತಿಕೊಂಡಿತ್ತು. ಅದರ ಹೆಸರು ಕಾವೇರಿ, ನಾವು ಮುತ್ತತ್ತಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹೊಳೆಯ ಹೆಸರು. ಬೇಕಾದಷ್ಟು ಥ್ರಸ್ಟ್ ಬರಲಿಲ್ಲ ಅಂತ 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರೆ ಮಾಡಿದರು. ತೇಜಸ್ ಹಾರೋದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಇಂಜಿನ್‌ನಲ್ಲಿ. ಜಿಟಿಆರ್‌ಇ ಇರೋದು ಸಿ.ವಿ. ರಾಮನ್ ನಗರದಲ್ಲಿ, ಸುರಂಜನ್ ದಾಸ್ ರಸ್ತೆಯಿಂದ ಹೆಚ್ಚೇನೂ ದೂರ ಇಲ್ಲ.

ಬೆಂಗಳೂರಿನಲ್ಲೇ ಇರೋ ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆಯಲ್ಲಿ ಎಲ್ಲದರಲ್ಲೂ ಮುಂದಿರೋ ಟೆಸ್ಟ್ ಪೈಲಟ್‌ಗೆ ಸುರಂಜನ್ ದಾಸ್ ಟ್ರೋಫಿ ಅಂತ ಕೊಡ್ತಾರೆ. ಆ ಟ್ರೋಫಿ ನಮ್ಮಂಥವರ ಕಣ್ಣಿಗೆ ಬೀಳಲ್ಲ, ಆದರೆ ಅವರ ವಿಮಾನ ನೋಡಬಹುದು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ಮಾರುತ ಇದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಇದೆ, ಹೈಸ್ಕೂಲ್ ಟ್ರಿಪ್‌ನಲ್ಲಿ ನೀವು ಅದರ ಮುಂದೆ ನಿಂತು ಗ್ರೂಪ್ ಫೋಟೊ ತೆಗೆಸಿಕೊಂಡಿರಬಹುದು. ಜರ್ಮನಿಯವರು ಕೂಡ ಒಂದನ್ನು ತಮ್ಮ ಮ್ಯೂಸಿಯಂನಲ್ಲಿ ಇಟ್ಟುಕೊಂಡಿದ್ದಾರೆ.

ಹೋದ ತಿಂಗಳು ನಾವು ಅದೇ ಎಂಟು ಜನ ಎಚ್‌ಎಎಲ್ ಮ್ಯೂಸಿಯಂಗೆ ಹೋದ್ವಿ. ಎಲ್ಲರೂ ಮೂತಿಯ ಕಡೆ ನಿಂತು ಸೆಲ್ಫಿ ತೆಗೀತಿದ್ದರು. ನಮ್ಮ ಏರೋನಾಟಿಕಲ್ ಗೆಳೆಯ ಯಾರಿಗೂ ಹೇಳದೆ ಹಿಂದಕ್ಕೆ ಹೋಗಿ ಬಾಲದ ಹತ್ತಿರ ಬಗ್ಗಿ ನಿಂತಿದ್ದ. ನಾನೂ ಹೋಗಿ ನೋಡಿದೆ. ಪಕ್ಕಪಕ್ಕದಲ್ಲಿ ಎರಡು ಇಂಜಿನ್ ಬಾಯಿ. ಅಷ್ಟು ಉದ್ದದ ವಿಮಾನಕ್ಕೆ ಅವು ನಿಜಕ್ಕೂ ಚಿಕ್ಕವು.